ಸೂರತ್ತಿಗೆ ಹೊರಟ ರುಬ್ಬುಗುಂಡು

ಮೊದಲೇ ಹೇಳಿಬಿಡುತ್ತೇನೆ, ತಪ್ಪು ನನ್ನದು. ಈಗ ಎಷ್ಟು ಸಲೀಸಾಗಿ ಬರೆದುಬಿಟ್ಟೆ ನೋಡಿ! ಆಗ ಈ ಎರಡು ಪದ ಬಾಯಿಂದ ಹೊರಡುವುದಕ್ಕೆ ನನಗೆ ಆರು ದಿನ, ಇನ್ನೂರು ಚಿಲ್ಲರೆ ಮೈಲಿ ಸೈಕಲ್ಲು ಮತ್ತು ಒಂದು ಇಡೀ ಬೆಟ್ಟ ಬೇಕಾಯಿತು.

ಅರವತ್ತರ ದಶಕದ ನಡುಭಾಗ. ಅಹಮದಾಬಾದಿನ ಹಳೇ ಊರಿನ ಒಂದು ಇಕ್ಕಟ್ಟಾದ ಓಣಿಯಲ್ಲಿ, ಮೂರನೇ ಮಹಡಿಯ ಒಂದೇ ಕೋಣೆಯಲ್ಲಿ ನಾವು ಮೂವರು ಕನ್ನಡದವರು ಇದ್ದೆವು. ನಾನು ಧಾರವಾಡದ ಕಡೆಯವನು, ಲಾರಿಯಲ್ಲಿ ಸರಕು ಸಾಗಿಸುವ ಒಂದು ಕಂಪನಿಯಲ್ಲಿ ಬುಕಿಂಗ್ ಗುಮಾಸ್ತ. ಎರಡನೆಯವನು ಮೈಸೂರಿನವನು, ಬ್ಯಾಂಕಿನಿಂದ ವರ್ಗವಾಗಿ ಬಂದವನು. ಇಸ್ತ್ರಿ ಮಾಡದ ಕರವಸ್ತ್ರವನ್ನು ಅವನು ಜೇಬಿಗೆ ಇಡುತ್ತಿರಲಿಲ್ಲ. ಮೂರನೆಯವನು ಉಡುಪಿ ಕಡೆಯವನು, ಸ್ಟೇಷನ್ ಹತ್ತಿರದ ಹೋಟೆಲಿನಲ್ಲಿ ದೋಸೆಯ ಕಾವಲಿ ಮುಂದೆ ನಿಲ್ಲುವವನು. ಹೋಟೆಲಿಗೆ ಬರುವವರೆಲ್ಲ ಅವನನ್ನು ಭಟ್ರೇ ಎಂದು ಕರೆಯುತ್ತಿದ್ದರು. ನಮಗಿಂತ ನಾಲ್ಕು ವರ್ಷಕ್ಕೆ ಚಿಕ್ಕವನಾದರೂ ನಮ್ಮ ಬಾಯಲ್ಲೂ ಅವನು ಭಟ್ರೇ ಆಗಿಬಿಟ್ಟಿದ್ದ. ಒಂದು ಕೋಣೆಯಲ್ಲಿ ಮೂರು ಥರದ ಕನ್ನಡ. ಜಗಳಕ್ಕೆ ಬೇರೆ ಕಾರಣವೇ ಬೇಕಿರಲಿಲ್ಲ.

ಸೈಕಲ್ ಪ್ರವಾಸದ ಹುಚ್ಚು ಹತ್ತಿಸಿದವನು ಮೈಸೂರಿನವನು. ಲೈಬ್ರರಿಯಲ್ಲಿ ಒಂದು ಇಂಗ್ಲಿಷ್ ಮ್ಯಾಗಝೀನು ನೋಡಿ ಬಂದಿದ್ದ. ಅದರಲ್ಲಿ ಬಿಳಿಯರ ಹುಡುಗರು ರಜೆ ಬಂತೆಂದರೆ ಬೇರೆ ದೇಶಕ್ಕೆ ಹೋಗಿ, ಸೈಕಲ್ ಹೊಡೆದು, ಬೆಟ್ಟ ಹತ್ತಿ, ಕೆನ್ನೆ ಕೆಂಪಗೆ ಮಾಡಿಕೊಂಡು ಬರುತ್ತಾರಂತೆ.

"ನಾವೂ ಹೋಗೋಣ ಕಣ್ರೋ" ಎಂದ.

"ಯಾವ ದೇಶಕ್ಕ ಹೋಗ್ತಿಯಪಾ? ಪಾಸ್‌ಪೋರ್ಟ್ ಯಾರ ಕೊಡ್ತಾರ ನಿನಗ?" ಎಂದೆ ನಾನು.

"ಹೋಗೋದೇನು ಬಂತು? ಬಂದಾಗಿದೆಯಲ್ಲೋ! ನಮ್ಮಜ್ಜಿ ಕಾಗದದಲ್ಲಿ ಏನ್ ಬರೀತಾಳೆ ಗೊತ್ತಾ? 'ಪರದೇಶದಲ್ಲಿದ್ದೀಯ, ಮೈ ಹುಷಾರು' ಅಂತ."

ಅಜ್ಜಿಯ ಮಾತು ಸುಳ್ಳೂ ಆಗಿರಲಿಲ್ಲ. ಸಾರಿಗೆ ಬೆಲ್ಲ ಸುರಿಯುವ ಊರು ಪರದೇಶವಲ್ಲದೆ ಇನ್ನೇನು? ಹೀಗಾಗಿ ಪರದೇಶ ಪ್ರವಾಸ ಎಂದೇ ಅದಕ್ಕೆ ಹೆಸರಾಯಿತು. ದೀಪಾವಳಿಯ ರಜೆಗೆ ಹೊರಡುವುದು, ಬರೋಡಾಕ್ಕೆ ಹೋಗಿ ಪಾವಾಗಢ ಬೆಟ್ಟ ಹತ್ತುವುದು, ಅಲ್ಲಿಂದ ಸೂರತ್ತು. ಅಭ್ಯಾಸಕ್ಕೆಂದು ಒಂದು ಭಾನುವಾರ ಊರಾಚೆಯ ಬೋಪಾಲ್ ಎಂಬ ಹಳ್ಳಿಯವರೆಗೆ ಹೋಗಿಬಂದೆವು. ಎಮ್ಮೆಯೊಂದು ಅಟ್ಟಿಸಿಕೊಂಡು ಬಂದದ್ದರಿಂದ ಬರುವ ದಾರಿ ಬೇಗ ಮುಗಿಯಿತು.

ಸೂರತ್ತು ಏಕೆಂದರೆ ಅಲ್ಲಿ ಭಟ್ರ ಅಕ್ಕ ಇದ್ದಳು. ಭಾವ ಸ್ಟೇಷನ್ ರಸ್ತೆಯಲ್ಲಿ ಒಂದು ಹೋಟೆಲು ಹಾಕುವವನಿದ್ದ, ಭಟ್ರೂ ಇಲ್ಲಿಯ ಕೆಲಸ ಬಿಟ್ಟು ಅಲ್ಲಿಯೇ ಕಾವಲಿ ಹಿಡಿಯುವುದೆಂದು ಗೊತ್ತಾಗಿತ್ತು. ಗುಜರಾತಿಗಳು ದೀಪಾವಳಿಗೆ ಅಂಗಡಿ ಮುಚ್ಚಿದರೆ ಐದನೇ ದಿನ, ಲಾಭ ಪಂಚಮಿಯ ಬೆಳಿಗ್ಗೆಯೇ ಮತ್ತೆ ಬಾಗಿಲು ತೆಗೆಯುವುದು. ಹೊಸ ವ್ಯಾಪಾರಕ್ಕೆ ಅದಕ್ಕಿಂತ ಒಳ್ಳೆಯ ದಿನ ಇಲ್ಲ. ಭಾವನೂ ಅದನ್ನೇ ಹಿಡಿದಿದ್ದ. ಪಂಚಮಿಯ ಬೆಳಿಗ್ಗೆ ಮೊದಲ ದೋಸೆ ಎಂದರೆ ಚೌತಿಯ ಸಂಜೆಯೇ ಹಿಟ್ಟು ರುಬ್ಬಿ ಹುಳಿಬರಲು ಇಡಬೇಕು. ಆ ಮೊದಲ ಹಿಟ್ಟು ಮಾತ್ರ ತನ್ನ ಅಮ್ಮನ ಕಲ್ಲಿನಲ್ಲೇ ಆಗಬೇಕೆಂದು ಅಕ್ಕ ಹಟ ಹಿಡಿದಿದ್ದಳು.

ಅಮ್ಮನ ಕಲ್ಲು ಭಟ್ರ ಹತ್ತಿರ ಇತ್ತು. ತಾಯಿ ತೀರಿಕೊಂಡ ಮೇಲೆ ಊರಿನಿಂದ ಅಹಮದಾಬಾದಿಗೆ ಅವನು ಹೊತ್ತು ತಂದ ಆಸ್ತಿ ಅದೊಂದೇ: ಒಂದು ಒರಳು, ಅದರೊಳಗೆ ತಿರುಗುವ ಒಂದು ಕರೀ ರುಬ್ಬುಗುಂಡು. ಹೋಟೆಲಿನ ಹಿತ್ತಲಿನಲ್ಲಿ ಇಟ್ಟುಕೊಂಡು ಹಬ್ಬ ಹುಣ್ಣಿಮೆಗೆ ಅದರಲ್ಲಿ ಏನಾದರೂ ರುಬ್ಬುತ್ತಿದ್ದ. ದಸರಾಕ್ಕೆ ಮೊದಲು ಎರಡನ್ನೂ ಗೋಣಿಯಲ್ಲಿ ಹೊಲಿದು, ಎರಡು ಗಂಟು ಮಾಡಿ, ಸೂರತ್ತಿಗೆ ಕಳಿಸು ಎಂದು ನನ್ನ ಆಫೀಸಿಗೆ ತಂದುಕೊಟ್ಟ.

ನಮ್ಮ ಆಫೀಸಿನಲ್ಲಿ ಒಂದು ಗಂಟಿಗೆ ಒಂದು ನಗ ಎನ್ನುತ್ತಿದ್ದರು. ಇಷ್ಟು ವರ್ಷದಲ್ಲಿ ನನ್ನ ಕೈಯಿಂದ ಒಂದು ನಗವೂ ತಪ್ಪಿಲ್ಲ ಎಂದು ನಾನು ಕಂಡಕಂಡವರ ಮುಂದೆ ಜಂಬ ಕೊಚ್ಚಿಕೊಳ್ಳುತ್ತಿದ್ದೆ. ಅವತ್ತು ಗಿರಾಕಿಗಳ ಗಲಾಟೆ. ಚಿಕ್ಕ ಗಂಟು ದಾರಿಗೆ ಅಡ್ಡವಾಗುತ್ತದೆಂದು ಕಾಲಿನಿಂದ ಮೇಜಿನ ಕೆಳಗೆ ಸರಿಸಿದೆ. ಪುಸ್ತಕದಲ್ಲಿ 'ಕಲ್ಲು, ಒಂದು ನಗ' ಎಂದು ಬರೆದೆ. ಒರಳು ಲಾರಿ ಹತ್ತಿತು. ಗುಂಡು ನನ್ನ ಮೇಜಿನ ಕೆಳಗೆ ಉಳಿಯಿತು. ಇದರಲ್ಲಿ ನಾಚಿಕೆಯ ಭಾಗ ಇನ್ನೂ ಬಂದಿಲ್ಲ. ಮೇಜಿನ ಕೆಳಗೆ ಕಾಲಿಗೆ ಏನೋ ಒಂದು ಆಸರೆ ಸಿಕ್ಕಿತಲ್ಲ ಎಂದು ಎರಡು ವಾರ ನಾನು ಅದರ ಮೇಲೆ ಪಾದ ಊರಿಕೊಂಡು ಸುಖವಾಗಿ ಕೂತಿದ್ದೆ. ಅದು ಏನು, ಯಾರದು ಎಂದು ಒಂದು ಸಲವೂ ಬಗ್ಗಿ ನೋಡಲಿಲ್ಲ.

ಎರಡು ವಾರದ ಮೇಲೆ ಭಟ್ರು ಕೈಯಲ್ಲಿ ಅಕ್ಕನ ಕಾಗದ ಹಿಡಿದುಕೊಂಡು ಓಡಿಬಂದ. ಒರಳು ಬಂದಿದೆ, ಗುಂಡು ಎಲ್ಲಿ ಎಂದು ಅಕ್ಕ ಕೇಳಿದ್ದಳು.

"ನಾನು ಎರಡೂ ಕೊಟ್ಟಿದ್ದೆ ಅಲ್ವಾ ಮಾರಾಯ?"

ನನ್ನ ಪಾದಗಳು ಆಗಲೂ ಅದರ ಮೇಲೆಯೇ ಇದ್ದವು. ಅದು ಏನೆಂದು ಆಗ ಹೊಳೆಯಿತು. ಆದರೆ ಕೈ ನನ್ನನ್ನು ಕೇಳದೆ ಪುಸ್ತಕ ತೆರೆದು ತೋರಿಸಿತು. "ಇಲ್ಲಿ ನೋಡು, ಒಂದ ನಗ. ನೀ ಒಂದ ಕೊಟ್ಟಿದ್ದಿ."

ಭಟ್ರು ಪುಸ್ತಕ ನೋಡಿದ, ನನ್ನ ಮುಖ ನೋಡಿದ, ಹಣೆ ಚಚ್ಚಿಕೊಂಡ. ನನ್ನನ್ನು ನಂಬಿಬಿಟ್ಟ, ಪುಣ್ಯಾತ್ಮ. ಮರುದಿನ ನಾನು ಗಂಟನ್ನು ಸೈಕಲ್ಲಿಗೆ ಕಟ್ಟಿ ಯಾರಿಗೂ ಕಾಣದ ಹಾಗೆ ಹೋಟೆಲಿನ ಹಿತ್ತಲಿಗೆ ಒಯ್ದು, ಸೌದೆಯ ಹಿಂದೆ ಇಟ್ಟು, "ಇಲ್ಲೇ ಅದಲ್ಲೋ!" ಎಂದು ಕೂಗಿದೆ. ನಾಟಕ ಕಂಪನಿಗೆ ಸೇರಬೇಕಿತ್ತು ನಾನು. ಭಟ್ರು ಆ ಗುಂಡನ್ನು ತಬ್ಬಿಕೊಂಡು ಅತ್ತೇಬಿಟ್ಟ. ಅಕ್ಕನಿಗೆ ತಪ್ಪಾಯಿತೆಂದು ಕಾಗದ ಬರೆದ. ಹಬ್ಬದವರೆಗೂ ಅವನ ಮುಖದಲ್ಲಿ ಕಳೆ ಇರಲಿಲ್ಲ. ಕಾವಲಿ ಮುಂದೆ ನಿಂತು ದೋಸೆ ಸೀಯಿಸುತ್ತಿದ್ದ, ಮಧ್ಯಾಹ್ನದ ಊಟಕ್ಕೆ ಕರೆದರೆ ಹಸಿವಿಲ್ಲ ಎನ್ನುತ್ತಿದ್ದ. ನಾನು ಮಾತ್ರ ಊಟ ಬಿಡಲಿಲ್ಲ.

"ಇನ್ನೊಮ್ಮೆ ಲಾರಿಗೆ ಹಾಕೋಣೇನು?" ಎಂದು ಒಮ್ಮೆ ಕೇಳಿದೆ.

"ಬೇಡ. ಮರೆತವ ನಾನು, ಹೊರುವವನೂ ನಾನೇ. ಸೈಕಲ್ಲಲ್ಲಿ ನಾನೇ ತಗೊಂಡು ಹೋಗ್ತೇನೆ."

ಹನ್ನೆರಡು ಕಿಲೋ. ಹಿತ್ತಲಿಗೆ ಒಯ್ಯುವ ಮೊದಲು ನಮ್ಮ ಆಫೀಸಿನ ತಕ್ಕಡಿಯಲ್ಲಿ ನಾನೇ ತೂಗಿ ನೋಡಿದ್ದೆ. ಮೈಸೂರಿನವನು ಮ್ಯಾಗಝೀನಿನ ಪ್ರಕಾರ ಒಬ್ಬೊಬ್ಬರ ಸಾಮಾನು ಇಷ್ಟೇ ಇರಬೇಕೆಂದು ಪಟ್ಟಿ ಮಾಡಿದ್ದ: ಬ್ಯಾಂಡೇಜು, ದಿಕ್ಸೂಚಿ, ಪೀಪಿ, ಒಂದು ಜೊತೆ ಕಾಲುಚೀಲ. "ಇದರಲ್ಲಿ ಗುಂಡುಕಲ್ಲು ಎಲ್ಲಿ ಬರುತ್ತೋ?" ಎಂದು ತಲೆ ಕೆರೆದುಕೊಂಡ. ಕೊನೆಗೆ ಪಟ್ಟಿಯ ಕೆಳಗೆ ಪೆನ್ಸಿಲಿನಲ್ಲಿ 'ಇತರೆ' ಎಂದು ಸೇರಿಸಿದ.

ನರಕ ಚತುರ್ದಶಿಯ ಬೆಳಿಗ್ಗೆ ಎಣ್ಣೆ ನೀರು ಮಾಡಿಕೊಂಡು ಹೊರಟೆವು. ಪ್ರವಾಸ ಹೊರಡುವ ದಿನ ತಲೆಗೆ ಎಣ್ಣೆ ಹಚ್ಚಬಾರದೆಂದು ಮ್ಯಾಗಝೀನು ಹೇಳಿರಲಿಲ್ಲ. ಊರಂಚಿನ ವಟ್ವಾ ದಾಟುವಷ್ಟರಲ್ಲಿ ಲಾರಿಗಳ ಧೂಳೆಲ್ಲ ನಮ್ಮ ತಲೆಯಲ್ಲಿ ಕೂತಿತ್ತು. ಮುಂದೆ ಖಾಕಿ ಚಡ್ಡಿ ತೊಟ್ಟ ಮೈಸೂರಿನವನು ಪೀಪಿ ಊದುತ್ತಾ, ಹಿಂದೆ ನಾನು, ಕೊನೆಗೆ ಭಟ್ರು. ಅವನ ಕ್ಯಾರಿಯರಿನ ಮೇಲೆ ಕೆಂಪು ಬೈರಾಸಿನಲ್ಲಿ ಸುತ್ತಿ, ಹಗ್ಗ ಬಿಗಿದ ಗುಂಡು. ಬೈರಾಸೆಂದರೆ ಅವನ ಕಡೆ ಮೈ ಒರೆಸುವ ಬಟ್ಟೆ. ಗೋಣಿಯಲ್ಲಿ ಅಮ್ಮನ ಕಲ್ಲು ಒಯ್ಯುವುದು ಸರಿಯಲ್ಲವೆಂದು ಹೊಸದೇ ಒಂದನ್ನು ತೆಗೆದಿದ್ದ.

ಗಂಟೆಗೊಮ್ಮೆ ಸೈಕಲ್ಲು ನಿಲ್ಲಿಸಿ, ಅಂಗಾತ ಮಲಗಿ, ಹತ್ತು ನಿಮಿಷ ಕಾಲು ಮೇಲೆತ್ತಬೇಕು. ಇದೂ ಮ್ಯಾಗಝೀನಿನದೇ. ಹೀಗೆ ಮಾಡಿದರೆ ರಕ್ತ ಇಳಿದು ದಣಿವಾರುತ್ತದಂತೆ. ಖೇಡಾದ ಹತ್ತಿರ ಒಂದು ಬೇವಿನ ಮರದ ಕಟ್ಟೆ ಸಿಕ್ಕಿತು. ಸೈಕಲ್ಲು ವಾಲೀತೆಂದು ಭಟ್ರು ಗುಂಡನ್ನು ಬಿಚ್ಚಿ, ಕಟ್ಟೆಯ ಮೇಲೆ ಮರಕ್ಕೆ ಒರಗಿಸಿ ನೆಟ್ಟಗೆ ನಿಲ್ಲಿಸಿದ. ನಾವು ಮೂವರೂ ಅದರ ಸುತ್ತ ಮಲಗಿ, ಕಾಲೆತ್ತಿ, ಪೀಪಿಯ ಅಪ್ಪಣೆಯಂತೆ ಕಣ್ಣು ಮುಚ್ಚಿದೆವು.

ಕಣ್ಣು ತೆಗೆದರೆ ಅರ್ಧ ಹಳ್ಳಿ ಸುತ್ತ ನಿಂತಿತ್ತು. ಯಾರೂ ಮಾತಾಡುತ್ತಿರಲಿಲ್ಲ, ಹೆಂಗಸರು ತಲೆಯ ಮೇಲೆ ಸೆರಗು ಎಳೆದುಕೊಂಡಿದ್ದರು. ಕೆಂಪು ವಸ್ತ್ರ ಉಟ್ಟ ಕರೀ ಕಲ್ಲು, ಅದರ ಮುಂದೆ ಎಣ್ಣೆ ಧೂಳಿನ ಜಟೆ ಬಿಟ್ಟುಕೊಂಡು ಕಾಲು ಮೇಲೆ ಮಾಡಿ ತಪಸ್ಸಿಗೆ ಬಿದ್ದಿರುವ ಮೂವರು ಗಂಡಸರು. ಅವರಾದರೂ ಏನು ತಿಳಿದುಕೊಳ್ಳಬೇಕು ಪಾಪ! ಒಬ್ಬ ಮುದುಕ ಗುಂಡಿನ ಮೇಲೊಂದು ಚೆಂಡುಹೂವಿಟ್ಟು, ಎಲ್ಲಿಗೆ ಹೊರಟಿದ್ದೀರಿ ಎಂದು ಮೆಲ್ಲಗೆ ಕೇಳಿದ.

ಮೈಸೂರಿನವನು ಎದ್ದು ಕೂತ. ಅವನ ಮೂಗಿಗೆ ಯಾರದೋ ಕೈಯಲ್ಲಿದ್ದ ತಟ್ಟೆಯ ತುಪ್ಪದ ವಾಸನೆ ಬಡಿದಿತ್ತೆಂದು ನನಗೆ ಗೊತ್ತು. ತನ್ನ ಬ್ಯಾಂಕಿನ ಹಿಂದಿಯಲ್ಲಿ, "ಸೂರತ್ತಿಗೆ. ಲಾಭ ಪಂಚಮಿಗೆ ಅಲ್ಲಿ ಸ್ಥಾಪನೆ" ಎಂದ.

ಸುಳ್ಳೇನಲ್ಲ ನೋಡಿ. ಒರಳಿನಲ್ಲಿ ಸ್ಥಾಪನೆಯೇ ತಾನೆ? ತಟ್ಟೆ ನಮ್ಮ ಮುಂದೆ ಬಂತು. ಕರ್ಜಿಕಾಯಿಯ ಹಾಗಿನ ಘೂಘ್ರಾ, ಕೈಗೆ ತುಪ್ಪ ಅಂಟುವ ಕಡಲೆಹಿಟ್ಟಿನ ಮಿಠಾಯಿ ಮೋಹನಥಾಳ್, ಚೊಂಬಿನ ತುಂಬ ಮಜ್ಜಿಗೆ.

"ಹೇಳಿಬಿಡುವ ಮಾರಾಯ, ಇದು ದೇವರಲ್ಲ ಅಂತ. ಪಾಪ ಉಂಟು ಇದು" ಎಂದು ಭಟ್ರು ನನ್ನ ಕಿವಿಯಲ್ಲಿ ಪಿಸುಗುಟ್ಟಿದ.

"ಮೊದಲ ತಿನ್ನು. ಪಾಪ ಆಮ್ಯಾಲೆ ನೋಡೋಣು" ಎಂದೆ. ಬಾಯಿ ತುಂಬ ಇದ್ದಾಗ ನನಗೆ ಪಾಪದ ವಿಚಾರ ಹೊಳೆಯುವುದಿಲ್ಲ.

ಸುದ್ದಿ ನಮಗಿಂತ ಜೋರಾಗಿ ಸೈಕಲ್ ಹೊಡೆಯಿತು. ನಡಿಯಾದಿನಲ್ಲಿ ನಮಗೆ ಚಹಾ ಕಾದಿತ್ತು, ಆಣಂದಿನಲ್ಲಿ ಹಾಸಿಗೆ ಕಾದಿತ್ತು. ಅಮಾವಾಸ್ಯೆಯ ಸಂಜೆ ಬರೋಡಾದ ಧರ್ಮಶಾಲೆಯವನು ಹಬ್ಬದ ದಟ್ಟಣೆ, ಜಾಗ ಇಲ್ಲ ಎಂದವನು ಕೆಂಪು ಬಟ್ಟೆ ನೋಡಿದ್ದೇ ತಡ, ತನ್ನ ಸ್ವಂತ ಕೋಣೆ ಖಾಲಿ ಮಾಡಿಕೊಟ್ಟ. ಕೊಟ್ಟದ್ದು ಗುಂಡಿಗೆ, ನಮಗೆ ಜಗಲಿಯೇ ಗತಿ. ಗುಂಡಿನ ಮುಂದೆ ಸಾಲುದೀಪ ಉರಿಯುತ್ತಿದ್ದರೆ ನಾವು ಜಗಲಿಯಲ್ಲಿ ಸೊಳ್ಳೆ ಹೊಡೆಯುತ್ತಾ ಹಬ್ಬ ಮಾಡಿದೆವು.

ಭಟ್ರು ಮಾತ್ರ ದಿನದಿನಕ್ಕೆ ಮೆತ್ತಗಾಗುತ್ತಿದ್ದ. "ನೋಡಿದೆಯಾ, ಅಮ್ಮನಿಗೆ ಎಷ್ಟು ಮರ್ಯಾದೆ! ಇಂಥದ್ದನ್ನು ನಾನು ಸೌದೆ ರಾಶಿಯಲ್ಲಿ ಮರೆತವ" ಎನ್ನುವನು. ಒಂದೊಂದು ಸಲ ಅವನು ಹಾಗೆಂದಾಗಲೂ ನಾನು ಸೈಕಲ್ಲಿನ ಸರಪಳಿ ನೋಡುವ ನೆಪದಲ್ಲಿ ಬಗ್ಗುತ್ತಿದ್ದೆ. ಹೇಳಿಬಿಡಬೇಕು, ಇವತ್ತು ಹೇಳಿಬಿಡಬೇಕು. ಆದರೆ ಮುಂದಿನ ಹಳ್ಳಿ ಬರುತ್ತಿತ್ತು, ತಟ್ಟೆ ಬರುತ್ತಿತ್ತು, ಹೇಳಬೇಕಾದ ಬಾಯಿಗೆ ಬೇರೆ ಕೆಲಸ ಸಿಗುತ್ತಿತ್ತು.

ಮರುದಿನ ಪಾಡ್ಯಕ್ಕೆ, ಗುಜರಾತಿಗಳ ಹೊಸ ವರ್ಷದ ದಿನ, ಪಾವಾಗಢದ ಬುಡ ಸೇರಿದೆವು. ಮರುದಿನ ಬೆಳಿಗ್ಗೆ ಹತ್ತಬೇಕು. ಮೇಲೆ ಮಹಾಕಾಳಿಯ ಗುಡಿ, ಹೊಸ ವರ್ಷದ ದರ್ಶನಕ್ಕೆ ಇರುವೆಯ ಸಾಲಿನಂತೆ ಜನ. ಗುಂಡನ್ನು ಕೆಳಗೆ ಅಂಗಡಿಯವನ ಹತ್ತಿರ ಬಿಟ್ಟು ಹೋಗೋಣ ಎಂದ ಮೈಸೂರಿನವನು. ಭಟ್ರು ಒಪ್ಪಲಿಲ್ಲ. "ಒಮ್ಮೆ ಬಿಟ್ಟದ್ದು ಸಾಕು" ಎಂದು ಅದನ್ನು ಹೆಗಲಿಗೇರಿಸಿದ. ಆ ಮಾತು ನನಗೆ ಎಲ್ಲಿ ನಾಟಬೇಕೋ ಅಲ್ಲಿ ನಾಟಿತು.

"ತಾ ಇಲ್ಲೆ!" ಎಂದು ಗದರಿ ಅವನ ಹೆಗಲಿನಿಂದ ಕಿತ್ತುಕೊಂಡು ನನ್ನ ತಲೆಯ ಮೇಲಿಟ್ಟುಕೊಂಡೆ. "ಮ್ಯಾಲಿನ ತನಕ ನಾ ಹೊರತೀನಿ. ಮಾತಾಡಬ್ಯಾಡ."

ಮೊದಲ ನೂರು ಮೆಟ್ಟಿಲು ನಾನು ಶೂರ. ಎರಡನೆಯ ನೂರಕ್ಕೆ ಕುತ್ತಿಗೆ ಹೆಗಲೊಳಗೆ ಇಳಿಯಿತು. ಆಮೇಲೆ ಲೆಕ್ಕ ಬಿಟ್ಟೆ. ಹರಕೆ ಹೊತ್ತವನೆಂದು ಜನ ದಾರಿ ಬಿಟ್ಟುಕೊಟ್ಟರು, ಜೈಕಾರ ಹಾಕಿದರು. ಒಬ್ಬ ಪುಣ್ಯವಂತ ನನ್ನ ಮೀನಖಂಡವನ್ನು ತಿಕ್ಕಿ ತಾನೂ ಪುಣ್ಯ ಕಟ್ಟಿಕೊಂಡ. ನಾನು ಒಂದು ಗಳಿಗೆ ಕೂರಬೇಕೆಂದರೆ ಹಿಂದಿನಿಂದ ಜೈಕಾರ ನೂಕುತ್ತಿತ್ತು. ಭಟ್ರೂ ಮೈಸೂರಿನವನೂ ಜನರ ನಡುವೆ ಎಲ್ಲೋ ಹಿಂದೆ ಉಳಿದರು.

ಗುಡಿ ಇನ್ನೂ ಒಂದು ತಿರುವು ಇದೆ ಎನ್ನುವಾಗ ನಾನು ಕುಸಿದು ಕೂತೆ. ಪಕ್ಕದಲ್ಲಿ ಬರಿಗಾಲಲ್ಲಿ ಹತ್ತುತ್ತಿದ್ದ ಒಬ್ಬ ಮುದುಕಿ ನಿಂತಳು. ಆ ಕಡೆ ತಾಯಿಗೂ ಅಜ್ಜಿಗೂ 'ಬಾ' ಎನ್ನುತ್ತಾರೆ. ಬಾ ನನಗೆ ನೀರು ಕುಡಿಸಿ, ಸೆರಗಿನಿಂದ ಗಾಳಿ ಬೀಸಿ ಕೇಳಿದಳು: "ಏನು ಹರಕೆಯಪ್ಪಾ ನಿನ್ನದು? ಇಷ್ಟು ಭಾರದ್ದು?"

ಅವಳು ಯಾರೋ, ನಾನು ಯಾರೋ. ಅದಕ್ಕೇ ಬಾಯಿ ಬಿಟ್ಟಿತೇನೋ. ನನ್ನ ಹರಕುಮುರುಕು ಹಿಂದಿಯಲ್ಲಿ ಎಲ್ಲಾ ಒದರಿಬಿಟ್ಟೆ. ಇದು ದೇವರಲ್ಲ ಬಾ, ಗೆಳೆಯನ ಸತ್ತ ತಾಯಿಯ ರುಬ್ಬುವ ಕಲ್ಲು. ಕಳಿಸಲು ಮರೆತವನು ನಾನು. ಎರಡು ವಾರ ಅದರ ಮೇಲೆ ಕಾಲಿಟ್ಟು ಕೂತಿದ್ದೆ. ಅವನು ತಾನೇ ಮರೆತೆ ಎಂದು ಸಾಯುತ್ತಿದ್ದಾನೆ.

ಬಾ ಎರಡೂ ಕೆನ್ನೆ ಬಡಿದುಕೊಂಡಳು. "ಅರೆರೇ! ಅವನು ಎಲ್ಲಿ?"

"ಹಿಂದೆ ಬರುತ್ತಿದ್ದಾನೆ."

"ಹಾಗಾದರೆ ಇಲ್ಲಿ ಕೂತು ನನಗೇಕೆ ಹೇಳುತ್ತೀಯ? ಅವನಿಗೆ ಹೇಳು!"

ಗುಡಿಯ ಹತ್ತಿರ ಅವರಿಬ್ಬರೂ ಬಂದು ಸೇರಿದರು. ಪೂಜಾರಿ ಗುಂಡಿಗೆ ಕುಂಕುಮ ಬಳಿದು ಹಾರ ಹಾಕಿದ. ನನಗೆ ದೇವಿಯ ಮುಖ ನೋಡುವ ಧೈರ್ಯ ಬರಲಿಲ್ಲ. ಇಳಿಯುವಾಗ ಭಟ್ರು ಗುಂಡು ಹೊತ್ತ. ನಾಲ್ಕು ಮೆಟ್ಟಿಲು ಇಳಿದರೆ ಪಕ್ಕದಲ್ಲಿ ಬಾ! "ಕಹ್ಯುಂ?" ಎಂದಳು. ಹೇಳಿದೆಯಾ ಎಂದು. ಇಲ್ಲ ಎಂದು ತಲೆಯಾಡಿಸಿದೆ. ಮತ್ತೊಂದು ತಿರುವಿನಲ್ಲಿ ಬಂಡೆಯ ಮೇಲೆ ಕೂತು ಕಾಯುತ್ತಿದ್ದಳು. "ಕಹ್ಯುಂ?" ಇಲ್ಲ. ಮಜ್ಜಿಗೆಯ ಅಂಗಡಿಯ ಹತ್ತಿರ ಲೋಟದ ಮೇಲಿನಿಂದ ಕಣ್ಣಲ್ಲೇ ಕೇಳಿದಳು. ಆ ವಯಸ್ಸಿನಲ್ಲಿ ಅಷ್ಟು ಬಿರುಸಾಗಿ ಹೇಗೆ ಇಳಿಯುತ್ತಿದ್ದಳೋ ದೇವರೇ ಬಲ್ಲ.

"ಯಾರೋ ಈಯಮ್ಮ? ಏನ್ ಕೇಳ್ತಾ ಇದಾಳೆ?" ಎಂದ ಮೈಸೂರಿನವನು.

"ಊಟ ಆತೇನು ಅಂತ" ಎಂದೆ.

ಬೆಟ್ಟದ ಬುಡದಲ್ಲಿ ಬಾ ಕೊನೆಯ ಸಲ ಸಿಕ್ಕಳು. ನಾನು ಸುಸ್ತಾಗಿದ್ದೆ, ಸಾಕಾಗಿತ್ತು. "ಹೌದು ಬಾ, ಹೇಳಿದೆ" ಎಂದುಬಿಟ್ಟೆ. ಅವಳ ಮುಖ ಅರಳಿತು, ನನ್ನ ತಲೆ ಸವರಿ ಹರಸಿ ಹೋದಳು. ಥೂ ನನ್ನ ಜನ್ಮಕ್ಕೆ! ಆ ಹರಕೆಯ ನಾಟಕದಲ್ಲೂ ನಾನು ಇಷ್ಟು ಸಣ್ಣವನಾಗಿರಲಿಲ್ಲ.

ಬರೋಡಾಕ್ಕೆ ಮರಳಿ, ತದಿಗೆಯ ದಿನ ಭರೂಚ್ ಮುಟ್ಟಿದೆವು. ನರ್ಮದೆಯ ಉದ್ದನೆಯ ಕಬ್ಬಿಣದ ಸೇತುವೆಯ ಮೇಲೆ ಭಟ್ರ ಪಕ್ಕಕ್ಕೆ ಸೈಕಲ್ಲು ತಂದೆ. ನದಿ, ಗಾಳಿ, ಯಾರೂ ಇಲ್ಲ, ಇದಕ್ಕಿಂತ ಒಳ್ಳೆಯ ಜಾಗ ಸಿಗುವುದಿಲ್ಲ. "ಭಟ್ರ, ಒಂದ ಮಾತ..." ಎಂದೆ. ಠುಸ್ಸೆಂದು ಅವನ ಹಿಂದಿನ ಚಕ್ರದ ಗಾಳಿ ಹೋಯಿತು. ಹನ್ನೆರಡು ಕಿಲೋ ತಡೆಯದೆ ಟ್ಯೂಬು ಸೀಳಿತ್ತು. ಮೈಸೂರಿನವನು ಪಂಕ್ಚರ್ ಪೆಟ್ಟಿಗೆ ಹುಡುಕಿದರೆ ಅವನು ತಂದದ್ದು ಬ್ಯಾಂಡೇಜಿನ ಪೆಟ್ಟಿಗೆ ಮಾತ್ರ. ಸೇತುವೆಯುದ್ದಕ್ಕೂ ಮೂವರೂ ಸೈಕಲ್ಲು ನೂಕಿದೆವು. ಪೀಪಿ ಅವತ್ತು ಸದ್ದು ಮಾಡಲಿಲ್ಲ.

ಹೀಗೆ ಅರ್ಧ ದಿನ ಹೋಯಿತು. ಚೌತಿಯ ದಿನ ಬಿಸಿಲಲ್ಲಿ ನಾಯಿಗಳಂತೆ ನಾಲಿಗೆ ಚಾಚಿಕೊಂಡು ತುಳಿದೆವು. ಕಾಲೆತ್ತಿ ಮಲಗುವ ಆಟ ನಿಲ್ಲಿಸಿದೆವು. ತಾಪಿಯನ್ನು ದಾಟಿ, ಕತಾರ್‌ಗಾಮಿನ ಅವರೆಯ ಹೊಲಗಳನ್ನು ಹಾದು, ಹೊತ್ತು ಮುಳುಗುವುದಕ್ಕೆ ಇನ್ನೂ ಒಂದು ಗಂಟೆ ಇದೆ ಎನ್ನುವಾಗ ಸ್ಟೇಷನ್ ರಸ್ತೆಯ ಹೊಸ ಹೋಟೆಲಿನ ಮುಂದೆ ಇಳಿದೆವು. ಬಾಗಿಲಿಗೆ ಮಾವಿನ ತೋರಣ, ಗೋಡೆಗೆ ಹಸಿ ಸುಣ್ಣದ ವಾಸನೆ. ಅಡುಗೆಮನೆಯಲ್ಲಿ ಅಮ್ಮನ ಒರಳು ಗುಂಡಿಲ್ಲದೆ ಬಾಯಿ ತೆರೆದು ಕೂತಿತ್ತು, ಪಕ್ಕದಲ್ಲಿ ನೆನೆದ ಅಕ್ಕಿ, ನೆನೆದ ಉದ್ದು.

ಅಕ್ಕ ಓಡಿಬಂದಳು. ಗುಂಡು ನೋಡಿದಳು, ಹಾರ ನೋಡಿದಳು, ಕುಂಕುಮ ನೋಡಿದಳು. "ಎಂತ ಇದು?"

ಮೈಸೂರಿನವನಿಗೆ ಇಷ್ಟೇ ಬೇಕಿತ್ತು. ಖೇಡಾದ ಕಟ್ಟೆಯಿಂದ ಹಿಡಿದು ಪಾವಾಗಢದ ಜೈಕಾರದವರೆಗೆ ಕೈಕಾಲು ಆಡಿಸಿ ಹೇಳಿದ. ನಗುತ್ತಾರೆಂದು ನೋಡಿದರೆ ಅಕ್ಕ ಎರಡು ಹೆಜ್ಜೆ ಹಿಂದೆ ಸರಿದು ಕೈ ಮುಗಿದಳು.

"ಇಷ್ಟು ಊರಿನವರು ಅಡ್ಡಬಿದ್ದ ಕಲ್ಲು. ಇನ್ನು ಇದರಲ್ಲಿ ಉದ್ದು ಕಡೆಯುವುದು ಹೇಗೆ? ನನ್ನಿಂದ ಆಗ್ಲಿಕ್ಕಿಲ್ಲ."

ಭಾವನೂ ತಲೆ ಆಡಿಸಿದ. "ಹೌದು. ಗಲ್ಲಾದ ಹಿಂದೆ ಒಂದು ಮಣೆ ಹಾಕಿ ಕೂರಿಸುವ. ದಿನಾ ಹೂ ಇಡುವ. ಹಿಟ್ಟಿಗೆ ಬೇರೆ ಕಲ್ಲು ಉಂಟಲ್ಲ."

ನಾನು ಭಟ್ರ ಕಡೆ ನೋಡಿದೆ. ಆರು ದಿನ ಆ ಭಾರ ಎಳೆದು ತಂದವನು, ಹಗ್ಗದಿಂದ ಅಂಗೈ ಹರಿದುಕೊಂಡವನು, ಕೈಯಲ್ಲಿ ಗುಂಡು ಹಿಡಿದುಕೊಂಡೇ ನಿಂತಿದ್ದ. "ಆಯ್ತು ಅಕ್ಕ" ಎಂದ. "ಅಮ್ಮನ ಕಲ್ಲನ್ನು ಮರೆತು ಬಿಟ್ಟವ ನಾನು. ನನಗೆ ಆಗಬೇಕಾದದ್ದೇ." ಮಣೆ ಎಲ್ಲಿ ಎಂದು ಹುಡುಕುತ್ತಾ ತಿರುಗಿದ.

"ಅದು ದೇವರಲ್ರೀ ಅಕ್ಕಾರ!"

ನನ್ನ ದನಿ ನನಗೇ ಗುರುತು ಸಿಗದಷ್ಟು ಗಟ್ಟಿಯಾಗಿ ಬಂತು. ಸುಣ್ಣದ ಗೋಡೆಗೆ ಬಡಿದು ಮತ್ತೆ ನನ್ನ ಕಿವಿಗೇ ಬಂತು.

"ನಾ ಅದರ ಮ್ಯಾಲೆ ಕಾಲ ಇಟ್ಕೊಂಡ ಕೂತಿದ್ದೆ. ಎರಡ ವಾರ. ಇಂವಾ ಎರಡೂ ನಗ ಕೊಟ್ಟಿದ್ದಾ, ನಾ ಒಂದ ಬರದೆ. ಗುಂಡು ನನ್ನ ಮೇಜಿನ ಬುಡಕಿತ್ತು. ಸೌದಿ ಹಿಂದ ಇಟ್ಟಾಂವಾನೂ ನಾನ. ಇವನದ ಏನೂ ತಪ್ಪಿಲ್ಲ."

ಮೈಸೂರಿನವನ ಕೈಯಿಂದ ಪೀಪಿ ಕೆಳಗೆ ಬಿತ್ತು. ಅಕ್ಕ ಗುಂಡಿನ ಕಡೆ ನೋಡಿದಳು, ಆಮೇಲೆ ಬಹಳ ಹೊತ್ತು ನನ್ನ ಪಾದಗಳ ಕಡೆ ನೋಡಿದಳು.

"ಚಪ್ಪಲಿ ಹಾಕಿಕೊಂಡಾ?"

"ಒಮ್ಮೊಮ್ಮೆ ಬಿಚ್ಚತಿದ್ದೆರಿ."

ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಕ್ಕಳೋ, ಬೈಗುಳ ತಡೆದುಕೊಂಡಳೋ ಗೊತ್ತಾಗಲಿಲ್ಲ. "ಹಾಗಾದ್ರೆ ಮೊದಲು ತೊಳೀಬೇಕು" ಎಂದು ಕೊಡ ಎತ್ತಿಕೊಂಡಳು.

ಭಟ್ರು ಮಾತ್ರ ಅಲ್ಲಾಡಲಿಲ್ಲ. ಹೊಡೆಯುತ್ತಾನೆ ಎಂದುಕೊಂಡೆ, ಹೊಡೆದಿದ್ದರೆ ಚೆನ್ನಾಗಿತ್ತು. ಅವನ ಕಣ್ಣು ತುಂಬಿತ್ತು.

"ಕಾಲು ಇಟ್ಟದ್ದಕ್ಕೆ ಬೇಜಾರಿಲ್ಲ. ಗೊತ್ತಿಲ್ಲದೆ ಇಟ್ಟದ್ದು. ಆದರೆ ನಾನು ಮರೆತೆ ಅಂತ ನಂಬಿಸಿದೆಯಲ್ಲ ಮಾರಾಯ. ಅಮ್ಮನ ಕಲ್ಲು. ನಾನು ಅದನ್ನು ಮರೀತೇನಾ ಅಂತ ನನಗೇ ನನ್ನ ಮೇಲೆ ನಂಬಿಕೆ ಹೋಗಿತ್ತು."

ನಾನು ಗುಂಡಿನ ಮೇಲಿದ್ದ ಹಾರ ತೆಗೆದೆ.

ಅವನು ಗುಂಡಿನ ಕುಂಕುಮವನ್ನು ತಾನೇ ತಿಕ್ಕಿ ತೊಳೆದ, ಒರಳಿನೊಳಗೆ ಇಳಿಸಿದ. ಕಲ್ಲು ಕಲ್ಲಿನಲ್ಲಿ ಗಟ್ಟಿಯಾಗಿ ಕೂತ ಸದ್ದು ಬಂತು. ಒರಳಿನ ಮುಂದೆ ಮಣೆ ಹಾಕಿ ನನ್ನ ಕಡೆ ಬೆರಳು ತೋರಿಸಿದ. ನಾನು ಕಾಲು ತೊಳೆದು ಬಂದು ಕೂತೆ. ಹೊತ್ತು ಮುಳುಗುವವರೆಗೆ ರುಬ್ಬಿದೆ. ಬೆಟ್ಟ ಹತ್ತಿದ ಕುತ್ತಿಗೆ, ಸೈಕಲ್ಲು ತುಳಿದ ಸೊಂಟ, ಈಗ ತೋಳು. ಮೈಯಲ್ಲಿ ನೋಯದ ಜಾಗ ಉಳಿಯಲಿಲ್ಲ. ಅವನು ಪಕ್ಕದಲ್ಲಿ ಕೂತು ಕೈಯಿಂದ ಹಿಟ್ಟು ಒಳಕ್ಕೆ ತಳ್ಳುತ್ತಾ, ನೀರು ಚಿಮುಕಿಸುತ್ತಾ ಇದ್ದ. ಸಾಕು ಎನ್ನಲಿಲ್ಲ, ಬೇಕು ಎನ್ನಲಿಲ್ಲ. ಮೈಸೂರಿನವನು ಎರಡು ಸಲ ತಮಾಷೆಗೆ ಯತ್ನಿಸಿ, ಕೊನೆಗೆ ಸೈಕಲ್ಲು ಒರೆಸಲು ಹೊರಗೆ ಹೋದ.

ಪಂಚಮಿಯ ಬೆಳಿಗ್ಗೆ ಹಿಟ್ಟು ಪಾತ್ರೆಯ ಕಂಠದವರೆಗೆ ಉಬ್ಬಿತ್ತು. ಭಾವ ದೀಪ ಹಚ್ಚಿದ, ಅಕ್ಕ ಒರಳಿಗೆ ಹೂವಿಟ್ಟಳು, ಬಾಗಿಲಲ್ಲಿ ಆಗಲೇ ನಾಲ್ಕು ಜನ ಗಿರಾಕಿಗಳು ಕುತೂಹಲದಿಂದ ಇಣುಕುತ್ತಿದ್ದರು. ಭಟ್ರು ಹೊಸ ಕಾವಲಿಯ ಮೇಲೆ ಮೊದಲ ದೋಸೆ ಹುಯ್ದ. ಹೊಸ ಕಾವಲಿಯಲ್ಲಿ ಮೊದಲ ದೋಸೆ ಏಳುವುದಿಲ್ಲ, ಗೊತ್ತಿರುವವರಿಗೆ ಗೊತ್ತು. ಅಂಟಿತು, ಮೂರು ತುಂಡಾಯಿತು, ಒಂದು ಕಡೆ ಕರಿಯಾಯಿತು. ಎರಡನೆಯದು ಬಂಗಾರದ ಬಣ್ಣಕ್ಕೆ ಬಂತು, ಅದನ್ನು ದೇವರ ಮುಂದಿಟ್ಟ. ಮೂರನೆಯದು ಗಿರಾಕಿಗೆ. ಆಮೇಲೆ ಮೊದಲನೆಯದರ ಆ ಮೂರು ತುಂಡನ್ನೂ ಕೆರೆದು ಬಾಳೆಲೆಯ ಮೇಲೆ ಹಾಕಿ ನನ್ನ ಮುಂದೆ ತಂದಿಟ್ಟ.

ನಾನು ತಿಂದೆ. ಸೀದ ತುಂಡನ್ನೂ ತಿಂದೆ. ಹುಳಿ ಹದವಾಗಿತ್ತು, ರುಬ್ಬಿದವನು ಸಾಮಾನ್ಯದವನಲ್ಲ. ಎಲೆಯಲ್ಲಿ ಇನ್ನೊಂದು ಚೂರು ಉಳಿದಿರುವಾಗ, ನಾಚಿಕೆ ಬಿಟ್ಟು, ಇನ್ನೊಂದು ಹಾಕು ಎಂದು ಕೇಳಿದೆ.

ಭಟ್ರು ಕಾವಲಿಯಿಂದ ಕಣ್ಣೆತ್ತಲಿಲ್ಲ. "ಮೊದಲು ಅದನ್ನು ಮುಗಿಸು ಮಾರಾಯ" ಎಂದ. ಹಿಂದಿನ ಸಂಜೆಯಿಂದ ಅವನು ನನ್ನೊಡನೆ ಆಡಿದ ಮೊದಲ ಮಾತು ಅದು.